ಮೂರು ತಿಂಗಳು ಕಾಯದ ಮಿದುಳು

ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಬಸುರಿನ ಸುದ್ದಿಯನ್ನು ಮೂರು ತಿಂಗಳು ತುಂಬುವ ತನಕ ಹೊರಗೆ ಬಿಡುವುದಿಲ್ಲ. ‘ಯಾರ ಹತ್ರಾನೂ ಬಾಯಿ ಬಿಡಬೇಡ ಕಣವ್ವ, ದೃಷ್ಟಿ ತಾಕೀತು’ ಎಂದು ಹಿರಿಯರು ಮೊದಲೇ ಹೇಳಿರುತ್ತಾರೆ. ಆಮೇಲೆ ಆಶಾ ಕಾರ್ಯಕರ್ತೆಗೆ ಗೊತ್ತಾಗಿ, ತಾಯಿ ಕಾರ್ಡ್ ಆಗಿ, ಮಾತ್ರೆ ಮನೆಗೆ ಬರುತ್ತದೆ. ಅಷ್ಟರಲ್ಲಿ ಮಗುವಿನ ಮಿದುಳಿಗೆ ಅಡಿಪಾಯ ಬಿದ್ದು ಒಂದೂವರೆ ತಿಂಗಳಾಗಿರುತ್ತದೆ.

ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣ ಒಂದೆರಡು ಮಿಲಿಮೀಟರಿನ ಚಪ್ಪಟೆ ಪದರ. ಅದರ ಬೆನ್ನ ಮೇಲೆ ಜೀವಕೋಶಗಳ ಪಟ್ಟಿಯೊಂದು ದಪ್ಪಗಾಗಿ, ನಡುವೆ ತಗ್ಗಾಗುತ್ತದೆ. ಎರಡೂ ಅಂಚುಗಳು ಮೇಲೆದ್ದು, ಕರ್ಜಿಕಾಯಿಯ ಬಾಯಿ ಒತ್ತಿ ಮುಚ್ಚುವ ಹಾಗೆ ಕೂಡಿಕೊಳ್ಳುತ್ತವೆ. ಇದೇ ನರಕೊಳವೆ. ಕತ್ತಿನ ಭಾಗದಲ್ಲಿ ಶುರುವಾದ ಕೂಡಿಕೆ ಮೇಲಕ್ಕೂ ಕೆಳಕ್ಕೂ ಸಾಗಿ, ತಲೆಯ ತುದಿ ಸುಮಾರು 25ನೇ ದಿನಕ್ಕೆ, ಕೆಳತುದಿ 28ನೇ ದಿನದ ಹೊತ್ತಿಗೆ ಮುಚ್ಚುತ್ತದೆ. ತಲೆಯ ಕಡೆ ಮುಚ್ಚದಿದ್ದರೆ ಮಿದುಳಿನ ಬಹುಭಾಗವೂ ನೆತ್ತಿಯ ಮೂಳೆಯೂ ಬೆಳೆಯುವುದಿಲ್ಲ. ಅಂಥ ಮಗು ಉಳಿಯುವುದಿಲ್ಲ. ಕೆಳಗೆ ಮುಚ್ಚದಿದ್ದರೆ ಅದು ಸ್ಪೈನಾ ಬೈಫಿಡಾ: ಮಗು ಬದುಕುತ್ತದೆ, ಆದರೆ ಕಾಲಿನ ಬಲ, ಮೂತ್ರದ ಹಿಡಿತ ತಪ್ಪಬಹುದು.

ಡಾಕ್ಟರು ಕೊನೆಯ ಮುಟ್ಟಿನಿಂದ ಎಣಿಸುವ ಲೆಕ್ಕದಲ್ಲಿ ಈ 28ನೇ ದಿನ ಆರನೇ ವಾರದ ಕೊನೆಗೆ ಬೀಳುತ್ತದೆ. ಅಂದರೆ ಮುಟ್ಟು ಎರಡು ವಾರ ತಡವಾಗುವಷ್ಟರಲ್ಲಿ ಕೆಲಸ ಮುಗಿದಿದೆ.

ಕೊಳವೆ ಸರಿಯಾಗಿ ಮುಚ್ಚಲು ಕೋಶಗಳು ಬೇಗಬೇಗ ಇಮ್ಮಡಿಯಾಗಬೇಕು. ಅದಕ್ಕೆ ಫೋಲಿಕ್ ಆಮ್ಲ ಬೇಕು. ನಮ್ಮ ದೇಶಕ್ಕೂ ಇದಕ್ಕೂ ಹಳೆಯ ನಂಟಿದೆ. 1928ರಲ್ಲಿ ಮುಂಬೈಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಗಿರಣಿ ಕಾರ್ಮಿಕ ಬಸುರಿಯರ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡರು. ಅದರಲ್ಲಿದ್ದದ್ದು ಇದೇ ಆಮ್ಲ. ಹಿಂದಿನ ಮಗುವಿಗೆ ನರಕೊಳವೆಯ ದೋಷವಿದ್ದ ತಾಯಂದಿರಿಗೆ ದಿನಕ್ಕೆ 4 ಮಿ.ಗ್ರಾಂ. ಫೋಲಿಕ್ ಆಮ್ಲ ಕೊಟ್ಟರೆ ಅದು ಮರುಕಳಿಸುವುದು 72% ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಅಧ್ಯಯನ ತೋರಿಸಿತು.

ಉಳಿದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಗರ್ಭ ನಿಲ್ಲುವ ಒಂದು ತಿಂಗಳಾದರೂ ಮೊದಲೇ ಶುರುಮಾಡಿ, ಮೂರು ತಿಂಗಳು ತುಂಬುವ ತನಕ ತೆಗೆದುಕೊಳ್ಳಬೇಕು. ನನ್ನ ಮಟ್ಟಿಗೆ, ಆಷಾಢಕ್ಕೆ ತವರಿಗೆ ಬಂದ ಹೊಸ ಮದುಮಗಳ ಕೈಗೆ ಸೀರೆಯ ಜೊತೆ ಈ ಮಾತ್ರೆಯನ್ನೂ ಇಡುವುದು ಲೇಸು. ಹಿಂದೆ ಇಂಥ ಮಗು ಆಗಿದ್ದವರು, ಫಿಟ್ಸ್ ಮಾತ್ರೆ ನುಂಗುವವರು ಡಾಕ್ಟರನ್ನು ಮೊದಲೇ ಕಾಣಬೇಕು. ಫಿಟ್ಸ್ ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಊಟದಿಂದಲೇ ಆಗದೇ? ಸೊಪ್ಪಿನಲ್ಲಿ, ಕಾಳಿನಲ್ಲಿ ಫೋಲಿಕ್ ಆಮ್ಲದ ಸಹಜ ರೂಪವಾದ ಫೋಲೇಟ್ ಇದೆ, ಆದರೆ ಅದು ಬೇಯಿಸಿದ ನೀರಿಗೆ ಇಳಿದುಬಿಡುತ್ತದೆ. ಆ ನೀರನ್ನು ಚೆಲ್ಲುವ ಅಡುಗೆಯಲ್ಲಿ ನಷ್ಟ ಹೆಚ್ಚು. ಮಂಡ್ಯದ ಬಸ್ಸಾರು ಇಲ್ಲಿ ಜಾಣತನದ್ದು: ಸೊಪ್ಪು, ಕಾಳು ಬೆಂದ ಕಟ್ಟನ್ನೇ ಸಾರು ಮಾಡುತ್ತಾರೆ, ಬಸಿದದ್ದು ಪಲ್ಯವಾಗುತ್ತದೆ, ಎರಡೂ ಮುದ್ದೆಯ ಜೊತೆ ಹೊಟ್ಟೆಗೇ ಹೋಗುತ್ತವೆ. ಕಾವಿಗೂ ಒಂದಷ್ಟು ಹಾಳಾಗುವುದರಿಂದ ಬಸ್ಸಾರು ಮಾತ್ರೆಯ ಬದಲಿ ಅಲ್ಲ.

ಉಪ್ಪಿನ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಅಷ್ಟು ಹೊಗಳಿಕೆ ಸಲ್ಲದು. ಮಗುವಿನ ಥೈರಾಯ್ಡ್ ಗ್ರಂಥಿ ಚೆನ್ನಾಗಿ ಕೆಲಸ ಹಿಡಿಯುವುದು ಗರ್ಭದ ನಡುಗಾಲಕ್ಕೆ. ಅಲ್ಲಿಯವರೆಗೆ ಅದರ ಮಿದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಆ ಹಾರ್ಮೋನಿಗೆ ಅಯೋಡಿನ್ ಬೇಕು, ಬಸುರಿಗೆ ದಿನಕ್ಕೆ ಸುಮಾರು 250 ಮೈಕ್ರೋಗ್ರಾಂ. ಬಿಡಿ ಕಲ್ಲುಪ್ಪಿನಲ್ಲಿ ಅದು ಸಾಲದು. ಅಯೋಡಿನ್ ಬೆರೆಸಿದ ಪ್ಯಾಕೆಟ್ ಉಪ್ಪನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಸಾರು ಇಳಿಸುವ ಮುಂಚೆ ಹಾಕಿ.

ಕೊಳವೆ ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು ಸ್ಕ್ಯಾನ್ ಇದೆ: 18ರಿಂದ 20 ವಾರದ ಸ್ಕ್ಯಾನಿನಲ್ಲಿ ತಲೆ, ಬೆನ್ನುಮೂಳೆ, ಹೃದಯ ಎಲ್ಲ ಕಾಣುತ್ತವೆ. 2023ರಲ್ಲಿ ಮಂಡ್ಯ ಬಳಿಯ ಆಲೆಮನೆಯೊಂದರಲ್ಲಿ ಹೆಣ್ಣುಭ್ರೂಣ ಪತ್ತೆಯ ದಂಧೆ ಬಯಲಾದ ಮೇಲೆ ಈ ಜಿಲ್ಲೆಯಲ್ಲಿ ಸ್ಕ್ಯಾನಿಂಗ್ ಎಂದರೆ ಜನ ಬೇರೆಯದನ್ನೇ ನೆನೆಯುತ್ತಾರೆ. ಆ ಯಂತ್ರದಿಂದ ಮಾಡಿಸಬೇಕಾದ ಕೆಲಸ ತಲೆ, ಬೆನ್ನುಮೂಳೆಯ ಈ ತಪಾಸಣೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಸ್ಕ್ಯಾನ್ ಎಲ್ಲಿ, ಯಾವಾಗ ಎಂದು ಅಲ್ಲೇ ಕೇಳಿ.

ಐದಾರು ತಿಂಗಳವರೆಗೂ ಮಿದುಳಿನ ಮೇಲ್ಮೈ ಬಹುಪಾಲು ನುಣುಪು. ಮಡಿಕೆಗಳು ತುಂಬಿಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. 34 ವಾರಕ್ಕೆ ಅದರ ತೂಕ ದಿನ ತುಂಬಿದ ಮಗುವಿನ ಮಿದುಳಿನ ಮೂರನೇ ಎರಡು ಪಾಲಿನಷ್ಟೇ. ಆದ್ದರಿಂದ ಒಳ್ಳೆಯ ನಕ್ಷತ್ರಕ್ಕಾಗಿ ಸಿಸೇರಿಯನ್ ದಿನವನ್ನು ಮುಂಚಿತವಾಗಿ ಹಾಕಿಸಿಕೊಳ್ಳುವುದು ಮಗುವಿನ ಪಾಲಿಗೆ ಕೆಟ್ಟ ಮುಹೂರ್ತ.

ಈ ತಿಂಗಳುಗಳಲ್ಲಿ ಕಬ್ಬಿಣಾಂಶ ಮುಖ್ಯ. ಬೆಲ್ಲ ತಿಂದರೆ ರಕ್ತ ಬರುತ್ತದೆನ್ನುವ ಮಾತು ಕಬ್ಬಿನ ನಾಡಿನಲ್ಲಿ ಸಹಜ, ಆದರೆ ಬಸುರಿಗೆ ಬೇಕಾದಷ್ಟು ಕಬ್ಬಿಣ ಬೆಲ್ಲದಿಂದ ಸಿಗದು. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕೊಡುವ ಐರನ್ ಮಾತ್ರೆಯನ್ನು ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆಗಳಿಂದ ದೂರವಿಟ್ಟು ನುಂಗಬೇಕು. ನಿಂಬೆಹಣ್ಣಿನ ಪಾನಕ ಜೊತೆಗಿದ್ದರೆ ಒಳ್ಳೆಯದು. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಮಧ್ಯಾಹ್ನದ ಊಟವೂ ಬಸುರಿ, ಬಾಣಂತಿಯರ ಪಾಲಿಗಿದೆ.

ಹುಟ್ಟುವಾಗ 350–400 ಗ್ರಾಂ ಇರುವ ಮಿದುಳು ಎರಡು ವರ್ಷಕ್ಕೆ ದೊಡ್ಡವರ ಮಿದುಳಿನ ಮುಕ್ಕಾಲು ಪಾಲಿನಷ್ಟಾಗುತ್ತದೆ. ಆರು ತಿಂಗಳು ಎದೆಹಾಲೊಂದೇ ಸಾಕು. ಆಮೇಲೆ ಎದೆಹಾಲಿನ ಜೊತೆಗೆ ಮೊಳಕೆ ಕಟ್ಟಿದ ರಾಗಿಯ ಸರಿ: ಮೊಳಕೆ ಬಂದರೆ ಅದರ ಕಬ್ಬಿಣ ಮಗುವಿನ ಮೈಗೆ ಹೆಚ್ಚು ಹತ್ತುತ್ತದೆ. ಅದೇ ವಯಸ್ಸಿನಿಂದ ವಾರಕ್ಕೆ ಎರಡು ಸಲ 1 ಮಿ.ಲೀ. ಐರನ್ ಸಿರಪ್ ಕೊಡುವ ವ್ಯವಸ್ಥೆಯೂ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಬಾಟಲಿ ಮಾತ್ರ ಅಟ್ಟದ ಮೇಲಿರಲಿ, ಒಟ್ಟಿಗೆ ಕುಡಿದುಬಿಟ್ಟರೆ ಮಕ್ಕಳಿಗೆ ಅದು ವಿಷ.