ಟಾಟಾ ಸಿಲ್ಕ್ ಫಾರ್ಮ್: ಬನಶಂಕರಿ ದಾರಿಯ ರೇಷ್ಮೆ ಪಾಠಶಾಲೆ

ಬೆಂಗಳೂರಿನ ಕೃಷ್ಣರಾಜೇಂದ್ರ ರಸ್ತೆ ಬನಶಂಕರಿಯತ್ತ ಸಾಗುವಲ್ಲಿ, ಯಡಿಯೂರಿನ ಸಮೀಪ, ಬಸ್ ನಿಲ್ದಾಣಕ್ಕೂ ಸುತ್ತಲಿನ ಬಡಾವಣೆಗೂ ಇಂದು ಹೆಸರಾಗಿ ಉಳಿದಿರುವ ಟಾಟಾ ಸಿಲ್ಕ್ ಫಾರ್ಮ್, 19ನೆಯ ಶತಮಾನದ ಕೊನೆಯ ದಶಕದಲ್ಲಿ ರೇಷ್ಮೆಯ ಹೊಸ ವಿಧಾನಗಳನ್ನು ಕಲಿಸಲೆಂದೇ ಆರಂಭವಾದ ತೋಟವೂ ತರಬೇತಿ ಕೇಂದ್ರವೂ ಆಗಿತ್ತು. 1893ರಲ್ಲಿ ಜಪಾನಿಗೆ ಹೋಗಿಬಂದ ಜಮ್‌ಶೆಟ್‌ಜಿ ಟಾಟಾ ಅವರು ಮೈಸೂರು ಸಂಸ್ಥಾನದ ಬೆಂಬಲದಿಂದ ಇದನ್ನು ಸ್ಥಾಪಿಸಿ, ಹುಳು ಸಾಕಣೆಯನ್ನೂ ನೂಲು ತೆಗೆಯುವುದನ್ನೂ ಕಲಿಸಲು ಜಪಾನಿ ತಜ್ಞರನ್ನೇ ಕರೆಸಿದರು. ಚೀನಾದಲ್ಲಿ ಹುಟ್ಟಿ, ಬಹುಕಾಲ ಗುಟ್ಟಾಗಿಯೇ ಉಳಿದಿದ್ದ ವಿದ್ಯೆ ಜಪಾನಿನಲ್ಲಿ ಹೊಸ ಶಿಸ್ತು ಪಡೆದು ಬೆಂಗಳೂರನ್ನು ತಲುಪಿದ್ದು ಹೀಗೆ.

ಮೈಸೂರಿಗೆ ರೇಷ್ಮೆ ಆಗಲೇ ಪರಿಚಿತವಾಗಿತ್ತು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಬೆಳೆಸಿದ ಕಸುಬನ್ನು 1860ರ ದಶಕದಿಂದೀಚೆಗೆ ರೋಗಗಳು ಕಂಗೆಡಿಸಿದ್ದವು. ಹುಳುವಿನ ರೋಗಗಳಲ್ಲಿ ಘೋರವಾದುದು ಗಂಟುರೋಗ, ಅಂದರೆ ಪೆಬ್ರಿನ್; ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುವುದರಿಂದ, ರೈತನು ಮನೆಗೆ ತರುವ ಮೊಟ್ಟೆಯೊಂದಿಗೆ ಬೆಳೆಯ ನಾಶವೂ ಬಂದಿರುತ್ತದೆ. ಫ್ರಾನ್ಸಿನ ಲೂಯಿ ಪಾಸ್ಚರ್ ಇದಕ್ಕೆ ಕಂಡುಕೊಂಡ ಉಪಾಯ ಸರಳವೂ ಅಮೋಘವೂ ಆದುದು: ಪ್ರತಿ ಚಿಟ್ಟೆಯಿಂದ ಬೇರೆಬೇರೆಯಾಗಿ ಮೊಟ್ಟೆ ಇಡಿಸಿ, ಬಳಿಕ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುವುದು. ಜಪಾನ್ ಅಳವಡಿಸಿಕೊಂಡಿದ್ದ ಈ ಪರೀಕ್ಷೆಯೇ ಇಂದಿಗೂ ರೋಗರಹಿತ ಮೊಟ್ಟೆ ತಯಾರಿಕೆಯ ತಳಹದಿಯಾಗಿದೆ.

ಮೊಟ್ಟೆಯೊಡೆದ ಮರಿಗಳಿಗೆ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಕೊಡುವ ಮೊದಲ ಹಂತಕ್ಕೆ ಚಾಕಿ ಸಾಕಣೆ ಎನ್ನುತ್ತಾರೆ. ಹುಳು ಮೇವು ಬಿಟ್ಟು ಪೊರೆ ಕಳಚುವ ಸ್ಥಿತಿಯನ್ನು ರೈತರು ಜ್ವರವೆಂದು ಕರೆಯುತ್ತಾರೆ; ನಾಲ್ಕು ಜ್ವರಗಳನ್ನು ದಾಟಿ, ಸುಮಾರು 25 ದಿನಗಳಲ್ಲಿ ಹಣ್ಣಾದ ಹುಳುವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟಾಗ ಅದು ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಗೂಡನ್ನು ಬೇಯಿಸಿದಾಗ ಸೆರಿಸಿನ್ ಎಂಬ ಅಂಟು ಸಡಿಲಗೊಂಡು ಎಳೆಯ ತುದಿ ಸಿಗುತ್ತದೆ. ವರ್ಷಕ್ಕೆ ಎರಡೇ ಪೀಳಿಗೆ ಕೊಡುವ ದ್ವಿತಳಿ ಗೂಡಿನಲ್ಲಿ ಆ ಎಳೆ ಸುಮಾರು 1000 ಮೀಟರ್ ಉದ್ದವಿದ್ದರೆ, ನಾಡತಳಿಯಾದ ಶುದ್ಧ ಮೈಸೂರು ಗೂಡಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಆದರೂ ನಮ್ಮ ಬಿಸಿಲನ್ನು ತಾಳುವ ಗುಣ ಈ ನಾಡತಳಿಗಿರುವುದರಿಂದ, ಅದನ್ನು ದ್ವಿತಳಿಯೊಂದಿಗೆ ಸೇರಿಸಿದ ಮಿಶ್ರತಳಿಯೇ ಕರ್ನಾಟಕದ ರೈತನನ್ನು ಬಹುಕಾಲ ಸಾಕಿತು.

1910ರಲ್ಲಿ ಫಾರ್ಮ್ ಸಾಲ್ವೇಶನ್ ಆರ್ಮಿಯ ಕೈಸೇರಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ಸ್ಥಾಪಿಸಿದರು. ಇಂಥ ಚರಿತ್ರೆಯನ್ನು ಕಾಪಿಡುವ ವಿಷಯಕ್ಕೆ ಬಂದರೆ, ಚೀನಾದ ಹಾಂಗ್‌ಝೌ ನಗರ ತನ್ನ ರೇಷ್ಮೆಯ ಚರಿತ್ರೆಗಾಗಿ 1992ರಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೇ ತೆರೆದಿದೆ. ಭಾರತದಲ್ಲೇ ಅತಿಹೆಚ್ಚು ರೇಷ್ಮೆ ಬೆಳೆಯುವ ರಾಜ್ಯದ ರಾಜಧಾನಿಗೂ ಅಂಥದೊಂದು ಬೇಕು, ಅದಕ್ಕೆ ಯಡಿಯೂರಿನ ಈ ನೆಲಕ್ಕಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ಸಂಶೋಧನೆಯನ್ನಂತೂ ನಗರ ಕೈಬಿಟ್ಟಿಲ್ಲ: ಬನಶಂಕರಿಯಿಂದ ದಕ್ಷಿಣಕ್ಕೆ ಹೋಗುವ ಹಸಿರು ಮಾರ್ಗದ ಮೆಟ್ರೊ 2021ರಿಂದ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಓಡುತ್ತಿದ್ದು, ಆ ನಿಲ್ದಾಣಕ್ಕೆ ಹೆಸರು ಕೊಟ್ಟ ತಲಘಟ್ಟಪುರದ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಲ್ಲಿ ಹಿಪ್ಪುನೇರಳೆ ಮತ್ತು ಹುಳುವಿನ ತಳಿಗಳ ಕೆಲಸ ನಡೆದಿದೆ.