ಅರಿಸಿನದ ಅಭಿಮಾನ ಮತ್ತು ಶಾಸ್ತ್ರದ ಪ್ರಮಾಣ

ಅರಿಸಿನದಿಂದ ಗಾಯ ಮಾಯಿಸುವ ಕ್ರಮವು ನೂತನ ಶೋಧವೆಂದು ಒಪ್ಪಿ, ಅಮೇರಿಕೆಯ ಪೇಟೆಂಟು ಕಚೇರಿಯು 1995ರಲ್ಲಿ ಹಕ್ಕುಪತ್ರವನ್ನು ದಯಪಾಲಿಸಿತು. ನಮ್ಮ ಅಜ್ಜಿಯರೆಲ್ಲ ಬಲ್ಲ ಮಾತು ಪರರ ಸ್ವತ್ತಾಯಿತು! ಭಾರತದ ವೈಜ್ಞಾನಿಕ ಹಾಗೂ ಔದ್ಯೋಗಿಕ ಸಂಶೋಧನ ಪರಿಷತ್ತು ಹಳೆಯ ಗ್ರಂಥಗಳ ಸಾಕ್ಷ್ಯವನ್ನು ಮುಂದಿಟ್ಟು ವಾದಿಸಲು, 1997ರಲ್ಲಿ ಆ ಹಕ್ಕು ರದ್ದಾಯಿತು. ಜಯವು ನಮ್ಮದಾಯಿತು, ನಿಜ. ಆದರೆ ಅರಿಸಿನವು ನಮ್ಮದೆಂದು ಸಾಧಿಸುವದು ಬೇರೆ, ಅದು ಶರೀರದಲ್ಲಿ ಮಾಡುವದೇನೆಂದು ಅರಿಯುವದು ಬೇರೆ.

ರಶಿಯದ ಮೆಚ್ನಿಕಾಫರು 1882ರಲ್ಲಿ ಕಂಡುಹಿಡಿದ ಭಕ್ಷಕ ಕಣಗಳು ದೇಹದ ಕಾವಲುಗಾರರು. ರೋಗಾಣು ಹೊಕ್ಕಲ್ಲಿಗೆ ಧಾವಿಸಿ ಅದನ್ನು ನುಂಗುವವು. ಆದರೆ ವೈರಿಯ ಮೇಲೆಸೆದ ಕೊಳ್ಳಿಯು ಮನೆಯನ್ನೂ ಸುಡುವದುಂಟು. ಅತಿರೇಕದ ಉರಿಯೂತವೆಂದರೆ ಇದೇ. ಈ ಕಣಗಳ ಪೊರೆಯಲ್ಲಿ ನಾವುಣ್ಣುವ ಜಿಡ್ಡಿನ ಅಂಶವೇ ಸೇರುವದು. ಸೂರ್ಯಕಾಂತಿ ಮೊದಲಾದ ಎಣ್ಣೆಗಳ ಲಿನೋಲಿಕ್ ಆಮ್ಲದಿಂದ ಅರಾಕಿಡೋನಿಕ್ ಆಮ್ಲವೂ, ಅದರಿಂದ ಉರಿಯೂತವನ್ನು ಕೆರಳಿಸುವ ಪ್ರೋಸ್ಟಾಗ್ಲಾಂಡಿನ್‌ಗಳೂ ಹುಟ್ಟುವವು. ಮೀನೆಣ್ಣೆಯ ಒಮೆಗಾ-3 ಆಮ್ಲಗಳು ಅದರ ಸ್ಥಾನವನ್ನಾಕ್ರಮಿಸಿದರೆ ಕಿಡಿಯ ಕಾವು ತಗ್ಗುವದು.

ಮೇಲ್ಕಂಡ ಪರಿಷತ್ತಿನದೇ ಆದ ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ ಬೀನಾ ಜೋ ಮತ್ತು ಬಿ. ಆರ್. ಲೋಕೇಶ ಅವರು ಈ ವಿಷಯವನ್ನು ಇಲಿಗಳಲ್ಲಿ ಪರೀಕ್ಷಿಸಿ 1994ರಲ್ಲಿಯೇ ಪ್ರಕಟಿಸಿದ್ದರು. ಕಾಡ್ ಮೀನಿನ ಎಣ್ಣೆಯನ್ನು ತಿಂದ ಇಲಿಗಳ ಭಕ್ಷಕ ಕಣಗಳು ದಾಹಕವಾದ ಆಮ್ಲಜನಕ ದ್ರವ್ಯಗಳನ್ನು ಕಡಿಮೆಯಾಗಿ ಸೂಸಿದವು. ಅರಿಸಿನದ ಕರ್ಕ್ಯುಮಿನ್ ಹಾಗೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗಳಿಂದಲೂ ಇಂಥ ಫಲವೇ ದೊರೆಯಿತು.

ಇಷ್ಟರಿಂದಲೇ ಹಿಗ್ಗುವದು ತರವಲ್ಲ. ಇಲಿಗೆ ಸಂದ ಗುಣವು ಮನುಷ್ಯನಿಗೂ ಸಲ್ಲುವದೆಂಬ ನೇಮವಿಲ್ಲ. 2 ಗ್ರಾಂ ಕರ್ಕ್ಯುಮಿನ್ ಸೇವಿಸಿದರೂ ಅದು ರಕ್ತಕ್ಕೆ ಸೇರುವದು ಅತ್ಯಲ್ಪವೆಂದೂ, 20 ಮಿಲಿಗ್ರಾಂ ಪಿಪೆರಿನ್, ಎಂದರೆ ಕರಿಮೆಣಸಿನ ಖಾರದ ಸತ್ವ, ಕೂಡಿದರೆ ಅದು ಇಪ್ಪತ್ತು ಮಡಿಯಾಗುವದೆಂದೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಅರಿಸಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವದು ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ಆ 2 ಗ್ರಾಂ ಪಡೆಯಲು ಐದಾರು ತೊಲೆ ಪುಡಿ ಬೇಕು! ಅಷ್ಟು ಯಾವ ಸಾರಿಗೆ ಬಿದ್ದೀತು?

ಆದ್ದರಿಂದ ಜಾಹೀರಾತಿನ ಗುಳಿಗೆಗಳಿಗೆ ಮರುಳಾಗದೆ, ಒಗ್ಗರಣೆಯನ್ನು ಔಷಧವೆಂದು ಸಾರದೆ, ಎಣ್ಣೆಯ ಆಯ್ಕೆಯಲ್ಲಿ ವಿವೇಕವನ್ನು ತೋರುವದೇ ಲೇಸು. ಒಮೆಗಾ-3 ಜಾತಿಯ ಆಮ್ಲವು ನಮ್ಮ ಬಯಲುಸೀಮೆಯ ಅಗಸೆಯಲ್ಲಿಯೂ ಹೇರಳವಾಗಿದೆ. ಅದರಲ್ಲಿ ಸ್ವಲ್ಪವೇ ಮೀನೆಣ್ಣೆಯ ಆಮ್ಲವಾಗಿ ಮಾರ್ಪಡುವದಾದರೂ ಅಗಸೆಯ ಚಟ್ನಿಯನ್ನು ತಳ್ಳಬೇಕಾಗಿಲ್ಲ. ಪರರು ಕಸಿದುದನ್ನು ಗ್ರಂಥಗಳ ಬಲದಿಂದ ಮರಳಿ ಪಡೆದೆವು. ಇನ್ನು ಅದರ ಗುಣವನ್ನು ಪ್ರಯೋಗಗಳ ಬಲದಿಂದ ಸ್ಥಾಪಿಸುವ ಹೊಣೆಯೂ ನಮ್ಮದೇ. ಪ್ರಮಾಣವಿಲ್ಲದ ಸ್ವದೇಶಾಭಿಮಾನವು ಬಹುಕಾಲ ಬಾಳಲಾರದು.