ಮನೆಮಾತು ಕನ್ನಡ ಎಂದು ಬರೆಯಲು ಅಂಜಿಕೆ ಏಕೆ?

ಬೆಂಗಳೂರಿನಿಂದ ಅಮೆರಿಕಕ್ಕೆ ವರ್ಗವಾಗಿ ಹೋಗುವ ಕುಟುಂಬವು ಅಲ್ಲಿನ ಸಾರ್ವಜನಿಕ ಶಾಲೆಗೆ ಮಗುವನ್ನು ಸೇರಿಸುವಾಗ ಲಸಿಕೆಯ ದಾಖಲೆ, ಬಾಡಿಗೆ ಕರಾರುಪತ್ರಗಳ ಜೊತೆಗೆ ಒಂದು ಪುಟ್ಟ ಅರ್ಜಿಯನ್ನೂ ತುಂಬಬೇಕಾಗುತ್ತದೆ. ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ? ಮನೆಯಲ್ಲಿ ಅದು ಹೆಚ್ಚಾಗಿ ಆಡುವ ಭಾಷೆ ಯಾವುದು? ನೀವು ಅದರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತೀರಿ? ಉತ್ತರ ಸರಳವಾದುದು: ಕನ್ನಡ. ಆದರೆ ಹಾಗೆ ಬರೆಯಲು ಅನೇಕರಿಗೆ ಕೈ ಬರುವುದಿಲ್ಲ.

ಕನ್ನಡ ಎಂದು ಬರೆದರೆ ಮಗು ಇಂಗ್ಲಿಷ್ ಪರೀಕ್ಷೆಗೆ ಕೂರಬೇಕಾಗುತ್ತದೆ. ದುಬಾರಿ ಶುಲ್ಕ ತೆತ್ತು ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಿದವರಿಗೆ ಇದು ಅವಮಾನವೆನಿಸುತ್ತದೆ. ‘ಇಂಗ್ಲಿಷ್ ಅಂತ ಬರೆದುಬಿಡಿ, ತಲೆನೋವೇ ಇರೋಲ್ಲ’ ಎಂಬ ಸಲಹೆಯೂ ಸ್ನೇಹಿತರಿಂದ ಬರುತ್ತದೆ. ಇನ್ನು ಕೆಲವರು ವಿಮಾನ ಹತ್ತುವ ಮೊದಲೇ ಮಗುವನ್ನು ವ್ಯಾಕರಣದ ಮನೆಪಾಠಕ್ಕೆ ಹಚ್ಚುತ್ತಾರೆ. ಎರಡೂ ತಪ್ಪು ದಾರಿಗಳೇ.

ಈ ಪರೀಕ್ಷೆಯ ಹಿಂದೆ ಒಂದು ನ್ಯಾಯದ ಹೋರಾಟವಿದೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳು ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಕುಳಿತಿದ್ದರು. ಅವರ ಪರವಾಗಿ ಹೂಡಿದ ‘ಲಾವ್ ವಿರುದ್ಧ ನಿಕೋಲ್ಸ್’ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ತೀರ್ಪು ನೀಡಿತು. ಎಲ್ಲರಿಗೂ ಒಂದೇ ಪುಸ್ತಕ, ಒಬ್ಬರೇ ಶಿಕ್ಷಕರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಬರುವುದಿಲ್ಲ ಎಂಬುದು ಅದರ ಸಾರ. ಯಾವ ಮಗುವಿಗೆ ನೆರವು ಬೇಕೆಂದು ಶಾಲೆಯೇ ಗುರುತಿಸಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ‘ಎಲ್‌ಪ್ಯಾಕ್’ ಪರೀಕ್ಷೆ ಜಾರಿಯಲ್ಲಿದೆ. ಶಾಲೆ ಸೇರಿದ 30 ದಿನಗಳೊಳಗೆ ಇದನ್ನು ನಡೆಸಬೇಕು. ಬೇರೆ ಅನೇಕ ರಾಜ್ಯಗಳು ‘ವಿಡಾ’ ಒಕ್ಕೂಟದ ಪರೀಕ್ಷೆಯನ್ನು ಬಳಸುತ್ತವೆ. ಕೇಳುವುದು, ಮಾತನಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕು ಕೌಶಲಗಳನ್ನು ಇವು ಅಳೆಯುತ್ತವೆ. ಇಲ್ಲಿ ಪಾಸು-ಫೇಲು ಇಲ್ಲ. ಶಾಲೆಯ ಪ್ರವೇಶವೂ ಇದನ್ನು ಅವಲಂಬಿಸಿಲ್ಲ. ಇಂಗ್ಲಿಷ್ ಸಾಕಷ್ಟು ಬರುತ್ತದೆಂದು ತೋರಿದರೆ ವಿಷಯ ಅಲ್ಲಿಗೇ ಮುಗಿಯಿತು. ಇಲ್ಲವಾದರೆ ಭಾಷಾ ನೆರವು ದೊರೆಯುತ್ತದೆ.

ಪೋಷಕರ ಆತಂಕ ಪೂರ್ತಿ ನಿರಾಧಾರವೆಂದು ಹೇಳಲಾಗದು. ಒಮ್ಮೆ ಕಲಿಕಾರ್ಥಿ ಎಂದು ಗುರುತಿಸಿದರೆ, ಆ ಪಟ್ಟಿಯಿಂದ ಹೊರಬರುವವರೆಗೆ ಮಗು ವರ್ಷವರ್ಷವೂ ಪರೀಕ್ಷೆ ಬರೆಯಬೇಕು. ದೊಡ್ಡ ಮಕ್ಕಳಿಗೆ ಸಂಗೀತ, ಚಿತ್ರಕಲೆಯಂಥ ಐಚ್ಛಿಕ ತರಗತಿ ತಪ್ಪುವುದೂ ಉಂಟು. ಆದರೆ ಸುಳ್ಳು ಬರೆದು ನೆರವನ್ನು ತಪ್ಪಿಸಿದರೆ ತರಗತಿಯಲ್ಲಿ ಮೌನವಾಗಿ ಹಿಂದುಳಿಯುವುದು ಮಗುವೇ.

ಹಾಗಾದರೆ ಸಿದ್ಧತೆ ಬೇಡವೇ? ಬೇಕು, ಆದರೆ ಅದು ಬಾಯಿಪಾಠವಲ್ಲ. ನಮ್ಮ ಶಾಲೆಗಳ ಮಕ್ಕಳು ಓದು-ಬರಹದಲ್ಲಿ ಗಟ್ಟಿಗರಾದರೂ ಅಪರಿಚಿತ ಹಿರಿಯರೆದುರು ಒಂದೇ ಪದದಲ್ಲಿ ಉತ್ತರಿಸಿ ಸುಮ್ಮನಾಗುತ್ತಾರೆ; ಅದನ್ನೇ ನಾವು ಸಭ್ಯತೆ ಎಂದು ಕಲಿಸಿದ್ದೇವೆ. ಅಲ್ಲಿ ಚಿತ್ರವೊಂದನ್ನು ತೋರಿಸಿ ಏನು ನಡೆಯುತ್ತಿದೆ ಎಂದು ಕೇಳಿದರೆ ನಾಲ್ಕಾರು ವಾಕ್ಯ ಹೇಳಬೇಕಾಗುತ್ತದೆ. ಆದ್ದರಿಂದ ಚಿತ್ರ ನೋಡಿ ವಿವರಿಸುವುದು, ಕೇಳಿದ ಕಥೆಯನ್ನು ಮತ್ತೆ ಹೇಳುವುದು, ಅರ್ಥವಾಗದಿದ್ದರೆ ‘ಇನ್ನೊಮ್ಮೆ ಹೇಳಿ’ ಎಂದು ಕೇಳುವುದು ಮಗುವಿಗೆ ರೂಢಿಯಾಗಲಿ. ಇದನ್ನು ಅಜ್ಜಿಯ ಮುಂದೆ ಕನ್ನಡದಲ್ಲಿ ಮಾಡಿದರೂ ನಷ್ಟವಿಲ್ಲ. ಕಥೆಯನ್ನು ಕ್ರಮವಾಗಿ ಹೇಳಬಲ್ಲ ಮಗು ಆ ಶಕ್ತಿಯನ್ನು ಇನ್ನೊಂದು ಭಾಷೆಗೂ ಒಯ್ಯುತ್ತದೆ. ಪರೀಕ್ಷೆಯ ಮಾದರಿ ಪ್ರಶ್ನೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರಶ್ನೆಗಳ ಸ್ವರೂಪ ತಿಳಿಯಲು ಒಮ್ಮೆ ತೋರಿಸಿದರೆ ಸಾಕು. ಪ್ರಯಾಣದ ಆಯಾಸ ಕಳೆದು ನಿದ್ದೆ ಹೊಂದಿಕೊಳ್ಳುವವರೆಗೆ ಪರೀಕ್ಷೆ ಬೇಡವೆಂದು ಶಾಲೆಯನ್ನು ಕೇಳಿಕೊಳ್ಳುವುದೂ ತಪ್ಪಲ್ಲ.

ಅರ್ಜಿ ತುಂಬುವಾಗ ಮಗು ಪಕ್ಕದಲ್ಲೇ ನಿಂತಿರುತ್ತದೆ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಆಡುವ ಮಾತನ್ನು ಮುಚ್ಚಿಡಬೇಕು ಎಂಬುದು ಹೊಸ ದೇಶದಲ್ಲಿ ಅದು ಕಲಿಯುವ ಮೊದಲ ಪಾಠವಾಗದಿರಲಿ.